ಬೈಯದ ಮನೆಗಳು

ಗಾಳಿ ಎದ್ದಾಗಲೆಲ್ಲ ಬೀಗ ಬಡಿಯುತ್ತದೆ. ಟಣ್ ಎಂದು ಒಮ್ಮೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಟಣ್ ಟಣ್ ಎಂದು ಎರಡು ಸಲ. ಹೊಂಗೇಪಾಳ್ಯದ ಪಶು ಆಸ್ಪತ್ರೆಯ ಗ್ರಿಲ್ ಬಾಗಿಲಿಗೆ ಸರಪಳಿ ಸುತ್ತಿ ಹಾಕಿದ ಬೀಗ ಅದು. ಗಾಳಿ ಇಲ್ಲದ ದಿನ ಮೇಕೆಗಳು ಬಂದು ಬಾಗಿಲಿಗೆ ಮೈ ಉಜ್ಜುತ್ತವೆ, ಆಗಲೂ ಬಡಿಯುತ್ತದೆ. ಎದುರು ಮನೆಯ ಚಿಕ್ಕಮಾರಮ್ಮನಿಗೆ ಮಾತ್ರ ಅದು ಯಾರೋ ತನ್ನ ಹೆಸರು ಹಿಡಿದು ಕೂಗಿದಂತೆ ಕೇಳಿಸುತ್ತದೆ.

ಆಸ್ಪತ್ರೆ ಕಟ್ಟಿ ವರ್ಷವಾಯಿತು. ಗೋಡೆಗೆ ಹಳದಿ ಬಣ್ಣ, ಕಿಟಕಿಗೆ ಹಸಿರು, ಬಾಗಿಲ ಪಕ್ಕದಲ್ಲಿ ನುಣುಪಾದ ಕರಿ ಕಲ್ಲು. ಕಲ್ಲಿನ ಮೇಲೆ ಹನ್ನೊಂದು ಹೆಸರುಗಳಿವೆ. ಅವುಗಳಲ್ಲಿ ಡಾಕ್ಟರದೊಂದಿಲ್ಲ, ಯಾಕೆಂದರೆ ಡಾಕ್ಟರು ಇನ್ನೂ ಬಂದೇ ಇಲ್ಲ. ಹಸುವಿಗೆ ಏನಾದರೂ ಆದರೆ ಕುಣಿಗಲ್ ಕಡೆಯಿಂದ ಒಬ್ಬ ಕಾಂಪೌಂಡರ್ ಬೈಕಿನಲ್ಲಿ ಬರಬೇಕು. ಅವನು ಬರುವಷ್ಟರಲ್ಲಿ ಎಷ್ಟೋ ಸಲ ಹಸು ಕಾದಿರುವುದಿಲ್ಲ.

ಆ ಡಾಕ್ಟರನ್ನು ತರುತ್ತೇನೆಂದು ಮಾತು ಕೊಟ್ಟವಳು ಚಿಕ್ಕಮಾರಮ್ಮ. ಮಂತ್ರಿಯಲ್ಲ, ಶಾಸಕರಲ್ಲ. ಏಳನೇ ಕ್ಲಾಸು ಓದಿದ, ತೆಂಗಿನಕಾಯಿ ಸುಲಿಯುವ ನರಸಯ್ಯನ ಹೆಂಡತಿ. ಎಂಬತ್ತನಾಲ್ಕು ಮನೆಗಳ ಬಾಗಿಲಲ್ಲಿ ನಿಂತು ಅವಳು ಆ ಮಾತು ಕೊಟ್ಟು ಎರಡೂವರೆ ವರ್ಷವಾಗಿತ್ತು.

ಚಿಕ್ಕಮಾರಮ್ಮ ಹುಟ್ಟಿದ್ದು ಕೊತ್ತಗೆರೆ ಹೋಬಳಿಯಲ್ಲಿ. ಮದುವೆಯಾಗಿ ಸಿ.ಎಸ್. ಪುರದ ಮಗ್ಗುಲಿನ ಈ ಪಾಳ್ಯಕ್ಕೆ ಬಂದಾಗ ಅವಳ ಓಡಾಟವೆಲ್ಲ ಕೇರಿ, ಹೊಲ, ನೀರಿನ ಟ್ಯಾಂಕು, ಇಷ್ಟರಲ್ಲೇ ಇತ್ತು. ಹದಿನೆಂಟು ವರ್ಷದ ಹಿಂದೆ ಒಂದು ಚುನಾವಣೆಯಲ್ಲಿ, ಕೇರಿಯಲ್ಲಿ ಓದು ಬರುವ ಹೆಂಗಸು ಯಾರು ಎಂದು ವಿಚಾರಿಸಿಕೊಂಡು ಪಕ್ಷದ ಗಂಗಾಧರ್ ಬಂದ. ಮತದಾರರ ಪಟ್ಟಿಯನ್ನೂ ಒಂದು ಪೆನ್ಸಿಲನ್ನೂ ಅವಳ ಕೈಗಿಟ್ಟ. ಆ ಪಟ್ಟಿಯಲ್ಲಿ ಊರಿನ ಎಲ್ಲ ಬೀದಿಗಳೂ ಇದ್ದವು. ಪಟ್ಟಿ ಕೈಯಲ್ಲಿದ್ದರೆ ಯಾವ ಬೀದಿಗಾದರೂ ಹೋಗಬಹುದು, ಯಾರ ಅಂಗಳದಲ್ಲಾದರೂ ನಿಂತು ಹೆಸರು ಕೂಗಬಹುದು ಎಂದು ಅವಳಿಗೆ ತಿಳಿದದ್ದು ಅಂದೇ. ಅಂದಿನಿಂದ ಪೆನ್ಸಿಲು ಅವಳ ತುರುಬಿನಲ್ಲೇ ಇದೆ. ಅದು ಸವೆದಾಗ ಇನ್ನೊಂದು ಬರುತ್ತದೆ.

ಪಕ್ಷದವರ ಲೆಕ್ಕದಲ್ಲಿ ಮನೆಗಳು ಮೂರು ಬಗೆ. ಎ ಎಂದರೆ ನಮ್ಮವರು, ಬಿ ಎಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟವರು, ಸಿ ಎಂದರೆ ಆಚೆಯವರು. ಪ್ರತಿ ಮನೆಯ ಮುಂದೆ ಒಂದು ಅಕ್ಷರ ಬರೆದು ಕೊಡಬೇಕು. ಚಿಕ್ಕಮಾರಮ್ಮ ಬರೆದು ಕೊಟ್ಟದ್ದು, ಮೊದಲ ಸಲ ಬಿಟ್ಟರೆ, ಇಷ್ಟು ವರ್ಷಗಳಲ್ಲಿ ಹತ್ತು ಹನ್ನೆರಡು ಓಟಿಗಿಂತ ಹೆಚ್ಚು ಆಚೀಚೆ ಆಗಿರಲಿಲ್ಲ. ಹೇಗೆ ಗೊತ್ತಾಗುತ್ತದೆ ಎಂದು ಯಾರಾದರೂ ಕೇಳಿದರೆ ನಗುತ್ತಿದ್ದಳು. ಗುಟ್ಟೇನೂ ದೊಡ್ಡದಲ್ಲ. ಬೈದರೆ ಎ. ಬಾಗಿಲಿಗೆ ಹೋದ ಕೂಡಲೇ ಮುಖದ ಮೇಲೆ ಬೈದವರು ನಮ್ಮವರು. ನಕ್ಕು ಕಾಫಿ ಕೊಟ್ಟವರು ಕೈಬಿಟ್ಟು ಹೋದವರು.

ಇದನ್ನು ಅವಳು ಎಲ್ಲಿಯೂ ಓದಿದ್ದಲ್ಲ. ಮೊದಲ ಸಲ ಮನೆಮನೆ ತಿರುಗಿದಾಗ ಇದಕ್ಕೆ ತಿರುಗುಮುರುಗಾಗಿ ಬರೆದಿದ್ದಳು, ನಕ್ಕವರಿಗೆಲ್ಲ ಎ, ಬೈದವರಿಗೆಲ್ಲ ಸಿ. ಎಣಿಕೆಯ ದಿನ ಎಲ್ಲ ಉಲ್ಟಾ ಆಯಿತು. ಕೊತ್ತಗೆರೆಗೆ ಹೋಗಿ ಅವ್ವನ ಮುಂದೆ ಅತ್ತಾಗ, ರಾಗಿ ಬೀಸುತ್ತಿದ್ದ ಅವ್ವ ಕಲ್ಲು ನಿಲ್ಲಿಸದೆ ಹೇಳಿದಳು, "ಬೈಯಾಕೂ ಋಣ ಬೇಕು ಕಣಮ್ಮೀ. ಬೇಡ್ದಿದ್ದೋರ್ನ ಯಾರ್ ಬೈತಾರೆ? ಕಾಫಿ ಕೊಟ್ಟು ಕಳುಸ್ತಾರೆ."

ಆಮೇಲಿನ ಚುನಾವಣೆಗಳಲ್ಲೆಲ್ಲ ಅವಳು ಬೈಗುಳವನ್ನೇ ಹುಡುಕಿಕೊಂಡು ಹೋದಳು. ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ಸುಧಾ, "ಅಕ್ಕ ಬಂದ್ಲು, ಚರಂಡಿ ತಂದ್ಲು" ಎಂದು ಬೀದಿಗೆಲ್ಲ ಕೇಳುವಂತೆ ಅಣಕಿಸುತ್ತಿದ್ದಳು. ಅವಳ ಗಂಡ ಚಂದ್ರು, "ನಿಮ್ ಪಾರ್ಟಿಯೋರ್ಗೆ ನಮ್ಮೂರ್ ದಾರಿ ಐದು ವರ್ಷಕ್ಕೊಂದ್ ಸಲ ಗ್ಯಾಪ್ಕ ಬತ್ತದೆ" ಎನ್ನುತ್ತಿದ್ದ. ಎಲ್ಲರಿಗಿಂತ ದೊಡ್ಡ ಬಾಯಿ ಮೇಲಿನ ಬೀದಿಯ ಲಕ್ಷ್ಮೀನರಸಿಂಹಯ್ಯನದು. ನಾಲ್ಕು ಎಕರೆ ತೆಂಗು, ಆರು ಸೀಮೆ ಹಸು, ಮನೆಯಲ್ಲಿ ಏಳು ಓಟು. ಅಣ್ಣ ತಮ್ಮಂದಿರ ಮನೆಗಳು ಸೇರಿ ಮೂವತ್ತು. ಅವನು ಜಗಲಿಯ ಮೇಲೆ ಕೂತು, ಅವಳನ್ನು ಅಂಗಳದ ಬಿಸಿಲಲ್ಲಿ ನಿಲ್ಲಿಸಿಕೊಂಡು, ಒಂದು ಎಲೆ ಅಡಿಕೆ ಮುಗಿಯುವ ತನಕ ಬೈಯುತ್ತಿದ್ದ.

"ಏನ್ಲೇ ಚಿಕ್ಕಮಾರಿ, ಬಂದ್ಯಾ? ಟ್ರಾನ್ಸ್‌ಫಾರ್ಮರ್ ಸುಟ್ಟೋದಾಗ ಎಲ್ಲೋಗಿದ್ದೆ? ಆ ನಿನ್ ಗಂಗಾಧರ ಎಲ್ಲೋಗಿದ್ದ, ಅತ್ತೆ ಮನೆಗಾ?"

"ನಿಮ್ ಬಾಯಿಗೆ ಹೆದ್ರಕಂಡು ಊರೇ ಬಿಟ್ಟಿದ್ರು ಯಜಮಾನ್ರೆ."

"ನಗ್ತೀಯಲ್ಲ! ಬರ್ಕಾ ಅದ್ರಲ್ಲಿ. ಲಕ್ಷ್ಮೀನರಸಿಂಹಯ್ಯ ಉಗುದ್ರು ಅಂತ ಬರ್ಕಾ."

ಅವಳು ತುರುಬಿನಿಂದ ಪೆನ್ಸಿಲು ತೆಗೆದು ಅವನ ಮುಂದೆಯೇ ಎ ಎಂದು ಬರೆದುಕೊಳ್ಳುತ್ತಿದ್ದಳು. ಆ ಮನೆಯ ಜಗಲಿಯ ಮೇಲೆ ಕೂರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೂ ಹದಿನೆಂಟು ವರ್ಷ ಅದನ್ನು ನೋಡದವಳಂತೆ ನಿಂತೇ ಇದ್ದಳು.

ಎರಡೂವರೆ ವರ್ಷದ ಹಿಂದೆ ಮತ ಕೇಳಲು ಹೋದ ದಿನ ಆ ಅಂಗಳದಲ್ಲಿ ಒಂದು ಹಸು ಸತ್ತು ಬಿದ್ದಿತ್ತು. ಕರು ಅಡ್ಡ ಸಿಕ್ಕಿಕೊಂಡು, ಕಾಂಪೌಂಡರ್ ಬರುವುದು ತಡವಾಗಿ, ಎರಡೂ ಹೋಗಿದ್ದವು. ಲಕ್ಷ್ಮೀನರಸಿಂಹಯ್ಯನ ಹೆಂಡತಿ ಹನುಮಂತಮ್ಮ ಹಸುವಿನ ಹಣೆಗೆ ಕುಂಕುಮ ಇಡುತ್ತಿದ್ದಳು. ಅವನು ಅಂದು ಬೈದ ಬೈಗುಳವನ್ನು ಬರೆಯಲಾಗದು. ಬೈದು ಬೈದು ಅವನ ದನಿ ಒಡೆಯಿತು. ಆಗ ಚಿಕ್ಕಮಾರಮ್ಮನ ಬಾಯಿಂದ ಆ ಮಾತು ಬಂತು.

"ಊರಿಗೆ ಡಾಕ್ಟ್ರುನ್ನ ತತ್ತೀನಿ ಯಜಮಾನ್ರೆ. ತರ್ದಿದ್ರೆ ಕೇಳಿ."

ಅವನು ಕಣ್ಣೊರೆಸಿಕೊಂಡು ಅವಳನ್ನೇ ದಿಟ್ಟಿಸಿದ. "ಸರಿ. ಈ ಸಲ ನಿನ್ ಮಾತಿಗೆ ಹಾಕ್ತೀನಿ ಕಣಮ್ಮೀ. ನಿನ್ ಪಾರ್ಟಿಗಲ್ಲ."

ಅದೇ ಮಾತನ್ನು ಅವಳು ಉಳಿದ ಮನೆಗಳಿಗೂ ಹೊತ್ತಳು. ಆ ಬೂತಿನಲ್ಲಿ ಪಕ್ಷಕ್ಕೆ ಹಿಂದೆಂದೂ ಬರದಷ್ಟು ಮುನ್ನಡೆ ಬಂತು. ಸರ್ಕಾರವೂ ಬಂತು, ಕೂದಲೆಳೆಯ ಬಹುಮತದಲ್ಲಿ. ಬೇಕಾದದ್ದಕ್ಕಿಂತ ಒಂದೇ ಒಂದು ತಲೆ ಹೆಚ್ಚು. ಆಸ್ಪತ್ರೆಯ ಕಟ್ಟಡವೂ ಬಂತು. ಡಾಕ್ಟರು ಬರಲಿಲ್ಲ. ಚಿಕ್ಕಮಾರಮ್ಮ ಗುಬ್ಬಿಗೆ ಹೋದಳು, ತುಮಕೂರಿಗೆ ಹೋದಳು, ಅರ್ಜಿ ಬರೆಸಿದಳು. ಫೈಲು ಮೇಲಿದೆ ಎಂದರು. ಮೇಲೆ ಎಂದರೆ ಎಲ್ಲಿ ಎಂದು ಕೇಳಿದ್ದಕ್ಕೆ ಗುಮಾಸ್ತ ಫ್ಯಾನಿನ ಕಡೆ ನೋಡಿದ.

ಹೀಗಿರುವಾಗ ಕ್ಷೇತ್ರದ ಶಾಸಕರು ತೀರಿಕೊಂಡರು. ದೂರದ ಇನ್ನೆರಡು ಕ್ಷೇತ್ರಗಳಲ್ಲಿ ಇವರದೇ ಶಾಸಕರು ರಾಜೀನಾಮೆ ಕೊಟ್ಟು ಆಚೆ ಪಕ್ಷಕ್ಕೆ ಹೋದರು. ಮೂರು ಕಡೆಯೂ ಉಪಚುನಾವಣೆ ಎಂದಾಯಿತು. ಮೂರರಲ್ಲಿ ಎರಡು ಗೆಲ್ಲದಿದ್ದರೆ ಸರ್ಕಾರ ಉಳಿಯುವುದಿಲ್ಲ. ಟೀವಿಯವರು ಇದಕ್ಕೆ ಅರ್ಧಾವಧಿಯ ಪರೀಕ್ಷೆ ಎಂದು ಹೆಸರಿಟ್ಟು, ದಿನವಿಡೀ ಅಂಕಿ ಕೂಡಿ ಕಳೆಯುತ್ತಿದ್ದರು. ಚಿಕ್ಕಮಾರಮ್ಮನ ಲೆಕ್ಕ ಅಷ್ಟು ಉದ್ದವಿರಲಿಲ್ಲ. ಸರ್ಕಾರ ಬಿದ್ದರೆ ಫೈಲೂ ಬೀಳುತ್ತದೆ. ಫೈಲು ಬಿದ್ದರೆ ತನ್ನ ಮಾತು ಬೀಳುತ್ತದೆ.

ತಾರೀಖು ಇನ್ನೂ ಘೋಷಣೆಯಾಗಿರಲಿಲ್ಲ. ಮನೆಮನೆಗೆ ಹೋಗಿ ಎ, ಬಿ, ಸಿ ಬರೆದುಕೊಂಡು ಬುಧವಾರ ತುಮಕೂರಿಗೆ ಬಾ ಎಂದು ಗಂಗಾಧರ್ ಫೋನು ಮಾಡಿದ. ಅವಳು ಬೈಗುಳ ತಿನ್ನಲು ಹೊಟ್ಟೆ ಗಟ್ಟಿ ಮಾಡಿಕೊಂಡು ಹೊರಟಳು. ಬೈಯಲಿ, ಕಲ್ಲು ಮನಸ್ಸು ಮಾಡಿ ಕೇಳುತ್ತೇನೆ. ಬೈದಾದ ಮೇಲೆ ಇನ್ನೊಂದು ತಿಂಗಳು ತಾಳಿ ಎನ್ನುತ್ತೇನೆ. ದಾರಿಯುದ್ದಕ್ಕೂ ಉತ್ತರಗಳನ್ನು ಜೋಡಿಸಿಕೊಂಡಿದ್ದಳು.

ಮೊದಲು ಸುಧಾಳ ಮನೆ. ಸುಧಾ ಬಾಗಿಲಿಗೆ ಬಂದವಳು ಅಣಕಿಸಲಿಲ್ಲ. "ಬನ್ನಿ ಅಕ್ಕ, ಕೂತ್ಕಳಿ. ಬಿಸ್ಲು" ಎಂದಳು. ನೀರು ಕೊಟ್ಟಳು.

"ಏನ್ ಸುಧಾ, ಚರಂಡಿ ಹಾಡು ಮರ್ತೋಯ್ತಾ?"

"ಅಯ್ಯೋ ಬುಡಕ್ಕ. ನಿಮ್ಗೇ ಅಲ್ವಾ ಹಾಕಾದು." ಸುಧಾಳ ಕಣ್ಣು ಬಾಗಿಲ ಚಿಲಕದ ಮೇಲಿತ್ತು.

ಎರಡನೆಯ ಮನೆಯಲ್ಲಿ ಮಜ್ಜಿಗೆ. ಮೂರನೆಯ ಮನೆಯಲ್ಲಿ ಟೀ, ಜೊತೆಗೆ ಎರಡು ಬಿಸ್ಕತ್ತು. ನಾಲ್ಕನೆಯದರಲ್ಲಿ ಹಣೆಗೆ ಕುಂಕುಮ. ಹತ್ತು ಮನೆ ದಾಟುವಷ್ಟರಲ್ಲಿ ಅವಳ ಹೊಟ್ಟೆ ತುಂಬಿ ಎದೆ ಬರಿದಾಗತೊಡಗಿತು. ಆ ಹತ್ತರಲ್ಲಿ ಯಾರೂ ದನಿ ಏರಿಸಲಿಲ್ಲ. ಯಾರೂ ಡಾಕ್ಟರ ಸುದ್ದಿ ಎತ್ತಲಿಲ್ಲ. ಅವಳೇ ಎತ್ತಿದರೆ, "ನೀವೇನ್ ಮಾಡೀರಿ ಪಾಪ" ಎಂದರು. ಆ ಪಾಪ ಎನ್ನುವ ಮಾತು ಅವಳಿಗೆ ಚಪ್ಪಲಿಯೊಳಗೆ ಸಿಕ್ಕ ಮುಳ್ಳಿನಂತಾಯಿತು. ಹೆಜ್ಜೆ ಹೆಜ್ಜೆಗೂ ಚುಚ್ಚಿತು.

ಲಕ್ಷ್ಮೀನರಸಿಂಹಯ್ಯನ ಅಂಗಳಕ್ಕೆ ಬಂದಾಗ ಮಧ್ಯಾಹ್ನ. ಅವಳು ಎಂದಿನ ಜಾಗದಲ್ಲಿ, ತೆಂಗಿನ ನೆರಳು ತಪ್ಪಿದಲ್ಲಿ ನಿಂತಳು. ಅವನು ಅವಳನ್ನು ನೋಡಿದ. ಎದ್ದು ನಿಂತ. ಒಳಗಿನ ಕಡೆ ತಿರುಗಿ, "ಒಂದ್ ಕುರ್ಚಿ ತಗಬಾ" ಎಂದ.

ಹನುಮಂತಮ್ಮ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು ಜಗಲಿಯ ಮೇಲಿಟ್ಟಳು. ಸೆರಗಿನಿಂದ ಒಮ್ಮೆ ಒರೆಸಿದಳು.

"ಬನ್ನಿ, ಕೂತ್ಕಳಿ" ಎಂದ ಲಕ್ಷ್ಮೀನರಸಿಂಹಯ್ಯ.

ಬನ್ನಿ ಎಂದ. ಬಾರೇ ಎನ್ನಲಿಲ್ಲ, ಬಾರಮ್ಮೀ ಎನ್ನಲಿಲ್ಲ. ಚಿಕ್ಕಮಾರಮ್ಮನಿಗೆ ಜಗಲಿಯ ಮೆಟ್ಟಿಲು ಮೂರು ಎಂದು ಗೊತ್ತಾದದ್ದು ಅಂದು. ಕುರ್ಚಿಯ ತುದಿಯಲ್ಲಿ ಕೂತಳು. ಕಾಫಿ ಬಂತು. ಪೇಪರ್ ಲೋಟದಲ್ಲಲ್ಲ, ಹೆಸರು ಕೊರೆಸಿದ ಸ್ಟೀಲಿನ ಲೋಟದಲ್ಲಿ, ಹನುಮಂತಮ್ಮನ ತವರಿನವರು ಕೊಟ್ಟಿದ್ದಿರಬೇಕು. ಒಳ್ಳೆಯ ಗಟ್ಟಿ ಹಾಲಿನ ಕಾಫಿ. ಈ ಜಗಲಿಯ ಮೇಲೆ ಇಂಥ ಲೋಟ ತನ್ನ ಕೈಗೆ ಬರಲಿ ಎಂದು ಅವಳು ಒಂದು ಕಾಲದಲ್ಲಿ, ಯಾರಿಗೂ ಹೇಳದೆ, ಆಸೆಪಟ್ಟಿದ್ದುಂಟು. ಇಂದು ಬಂದಿತ್ತು. ಬಾರದಿದ್ದರೇ ಚೆನ್ನಾಗಿತ್ತು ಎಂದುಕೊಳ್ಳುತ್ತ ಅವಳು ಆ ಕಾಫಿಯನ್ನು ಕುಡಿದಳು.

"ಯಜಮಾನ್ರೆ, ಡಾಕ್ಟ್ರು..."

"ಆಯ್ತು ಬುಡಿ. ಎಲ್ಲಾ ನಮ್ ಕೈಯಲ್ಲೈತಾ."

"ನಾ ಮಾತು ಕೊಟ್ಟಿದ್ದೆ."

"ನಿಮ್ದೇನ್ ತಪ್ಪು." ಅವನು ತೋಟದ ಕಡೆ ನೋಡುತ್ತ ಹೇಳಿದ. "ಓಟ್ ತಾನೆ? ನೋಡಣ. ಹಾಕಣ."

"ಬೈರಿ ಯಜಮಾನ್ರೆ. ಒಂದ್ಸಲ ಬಾಯ್ತುಂಬ ಬೈದ್ಬುಡಿ. ನಾ ನಿಂತ್ಕತೀನಿ ಅಂಗ್ಳದಾಗೆ."

ಹನುಮಂತಮ್ಮ ನಗಲು ನೋಡಿದಳು, ಆಗಲಿಲ್ಲ. ಲಕ್ಷ್ಮೀನರಸಿಂಹಯ್ಯ ಎಲೆಗೆ ಸುಣ್ಣ ಸವರುವುದರಲ್ಲಿ ಮುಳುಗಿದ. ಎಲೆ ಮಡಿಚುತ್ತ, "ನಿಮ್ಮನ್ಯಾಕೆ ಬೈಯಾನ" ಎಂದ. ಕೊಟ್ಟಿಗೆಯಲ್ಲಿ ಗಬ್ಬದ ಹಸುವೊಂದು ಕೊರಳ ಗಂಟೆ ಅಲ್ಲಾಡಿಸಿತು. ಇನ್ನು ಹದಿನೈದು ದಿನಕ್ಕೆ ಈಯಬಹುದು ಎಂದು ಅದರ ಹೊಟ್ಟೆ ನೋಡಿಯೇ ಹೇಳಬಹುದಿತ್ತು.

ಮನೆಗೆ ಬಂದು ಅವಳು ಪಟ್ಟಿ ತೆರೆದು ಕೂತಳು. ನರಸಯ್ಯ ಕಾಯಿ ಸುಲಿಯುವ ಕಬ್ಬಿಣದ ಮೊನೆಯನ್ನು ಉಜ್ಜುತ್ತ ಅವಳನ್ನೇ ನೋಡಿದ.

"ಏನಂದ್ರು?"

"ಒಂಬತ್ ಮನೆ ಬುಟ್ರೆ ಯಾರೂ ಏನೂ ಅನ್ನಲಿಲ್ಲ."

"ಅದ್ಕೆ ಅಳ್ತಿದೀಯಾ? ಬೈಸ್ಕಳಕ್ಕೆ ಹೋದೋಳು ಕಾಫಿ ಕುಡ್ಕಂಡು ಬಂದು ಅಳ್ತಾ ಕುಂತವ್ಳಲ್ಲಪ್ಪಾ ಶಿವನೇ!"

ಅವಳು ತುರುಬಿನಿಂದ ಪೆನ್ಸಿಲು ತೆಗೆದಳು. ಎಂಬತ್ತನಾಲ್ಕು ಮನೆಗಳಲ್ಲಿ ಬೈದವರು ಒಂಬತ್ತು. ಅವರ ಮುಂದೆ ಎ ಬರೆದಳು. ಹನ್ನೊಂದಕ್ಕೆ ಬಿ. ಅರವತ್ತಮೂರು ಮನೆಗಳ ಮುಂದೆ ಸಿ, ಸಿ, ಸಿ ಎಂದು ಬರೆಯುತ್ತ ಹೋದಳು. ಪೆನ್ಸಿಲಿನ ಮೊನೆ ಎರಡು ಸಲ ಮುರಿಯಿತು. ಒಂದು ಮನೆಯ ಮುಂದೆ ಮಾತ್ರ ಏನೂ ಬರೆಯಲಿಲ್ಲ. ಅದು ಅವಳದೇ ಮನೆ. ಹದಿನೆಂಟು ವರ್ಷದಿಂದ ಅದನ್ನು ಖಾಲಿಯೇ ಬಿಡುವುದು ಅವಳ ರೂಢಿ. ತನ್ನ ಮನೆಗೆ ಅಕ್ಷರ ಬೇರೆ ಬೇಕೆ?

ಬುಧವಾರ ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ತುಮಕೂರಿಗೆ ಹೋದಳು. ಸದಾಶಿವನಗರದ ಬಾಡಿಗೆ ಮನೆಯೊಂದರಲ್ಲಿ ಪಕ್ಷದ ಚುನಾವಣಾ ಕಚೇರಿ. ಚಪ್ಪಲಿಗಳು ಗೇಟಿನ ತನಕ ಬಂದಿದ್ದವು. ಒಳಗೆ ಗಂಗಾಧರ್ ಒಬ್ಬೊಬ್ಬರನ್ನೇ ಕರೆದು ಬೂತಿನ ವರದಿ ಕೇಳುತ್ತಿದ್ದ. ಪಕ್ಕದಲ್ಲಿ ನಂದಿತಾ ಎಂಬ ಹುಡುಗಿ ಲ್ಯಾಪ್‌ಟಾಪಿನಲ್ಲಿ ತುಂಬುತ್ತಿದ್ದಳು; ಕಾಲೇಜು ಮುಗಿಸಿ ಆರು ತಿಂಗಳಾಗಿರಬೇಕು. ಎಲ್ಲರೂ ಸಲೀಸಾಗಿ ಎ ಎನ್ನುತ್ತಿದ್ದರು. ಎ ಅಂದವರಿಗೆ ಗಂಗಾಧರ್, "ಭೇಷ್" ಎನ್ನುತ್ತಿದ್ದ. ಒಬ್ಬ ಮಾತ್ರ, ತನ್ನ ಊರಿನವರು ರಸ್ತೆಗೆ ಅಡ್ಡ ಕೂತು ಬಾಯಿಗೆ ಬಂದಂತೆ ಬೈದು ಕಳಿಸಿದರೆಂದು ಅಳುಮುಖ ಮಾಡಿಕೊಂಡು ನಿಂತಿದ್ದ. ಅವನ ಊರಿನ ಸುತ್ತ ಗಂಗಾಧರ್ ಕೆಂಪು ಶಾಯಿಯಲ್ಲಿ ಗುಂಡಗೆ ಗೆರೆ ಎಳೆದ.

ಚಿಕ್ಕಮಾರಮ್ಮ ಪಟ್ಟಿ ಮುಂದಿಟ್ಟಳು. ಗಂಗಾಧರ್ ಹಾಳೆ ತಿರುವಿದ. ಇನ್ನೊಂದು ತಿರುವಿದ.

"ಏನಮ್ಮ ಇದು? ಅರವತ್ತಮೂರು ಸಿ? ಹೊಂಗೇಪಾಳ್ಯ ನಮ್ ಕೋಟೆ. ಕನ್ನಡ್ಕ ಬದ್ಲಾಯ್ಸಿದೀಯಾ?"

"ಕೋಟೆ ಒಳ್ಗೆ ಯಾರೂ ಇಲ್ಲ ಗಂಗಾಧರಣ್ಣ. ಎಲ್ಲಾ ಹೊಂಟೋಗವ್ರೆ."

"ಈ ಸಿ ಮನೆಯೋರು ಯಾರಾದ್ರೂ ಬೈದ್ರಾ?"

"ಇಲ್ಲ."

"ಬಾಗ್ಲು ಹಾಕ್ಕಂಡ್ರಾ?"

"ಇಲ್ಲ. ಕಾಫಿ ಕೊಟ್ರು. ಲಕ್ಷ್ಮೀನರಸಿಂಹಯ್ಯೋರು ಕುರ್ಚಿ ಹಾಕಿ ಕೂರ್ಸುದ್ರು."

ಕೋಣೆಯಲ್ಲಿ ನಗು ಎದ್ದಿತು. ಗಂಗಾಧರನೂ ಕನ್ನಡಕ ತೆಗೆದು ನಕ್ಕ. "ಯಾರೂ ಬೈಲಿಲ್ಲ ಅಂತ ಕಂಪ್ಲೇಂಟ್ ತಂದಿರೋ ಕಾರ್ಯಕರ್ತೆ ನೀನೊಬ್ಳೇ ಕಣಮ್ಮ."

"ಆಂಟಿ," ನಂದಿತಾ ಮೆಲ್ಲಗೆ ಕೇಳಿದಳು, "ಸಿ ಹಾಕಿದ್ರೆ ಪಕ್ಕದಲ್ಲಿ ಕಾರಣ ಬರೀಬೇಕು. ಕಾಫಿ ಕೊಟ್ರು ಅಂತ ಹೇಗೆ ಬರೀಲಿ?"

ಚಿಕ್ಕಮಾರಮ್ಮ ಆ ಹುಡುಗಿಯ ಕಡೆ ತಿರುಗಿದಳು. ಅಲ್ಲಿ ನಗದಿದ್ದವಳು ಅವಳೊಬ್ಬಳೇ. "ನಿಮ್ಮವ್ವ ನಿನ್ನ ಬೈತಾಳಾ ಮಗಾ?"

"ದಿನಾ."

"ಪಕ್ಕದ್ ಮನೆಯೋರು?"

"ಅವ್ರು ಯಾಕ್ ಬೈತಾರೆ?"

"ಅದೇ ಕಾರಣ. ಅದ್ನೇ ಬರ್ಕಾ."

ನಂದಿತಾಳ ಬೆರಳುಗಳು ಕೀಲಿಗಳ ಮೇಲೆ ನಿಂತವು. ಗಂಗಾಧರ್ ಮಾತ್ರ ಕೈ ಬೀಸಿದ. "ಫಿಲಾಸಫಿ ಆಮೇಲೆ. ಎಲ್ಲಾನೂ ಎ ಮಾಡು ನಂದಿತಾ. ನೆಗೆಟಿವ್ ರೆಸ್ಪಾನ್ಸೇ ಇಲ್ಲ ಅಲ್ಲಿ."

"ಗಂಗಾಧರಣ್ಣ, ಏನಾದ್ರೂ ಬರ್ಕಳಿ," ಚಿಕ್ಕಮಾರಮ್ಮನ ದನಿ ಏರಿತು. "ನಂಗೆ ಒಬ್ ಡಾಕ್ಟ್ರು ಆರ್ಡರ್ ಕೊಡ್ಸಿ. ಡೇಟ್ ಅನೌನ್ಸ್ ಆಗೋಕ್ ಮುಂಚೆ. ಆಮೇಲೆ ನೀತಿ ಸಂಹಿತೆ ಅಂತೀರಿ. ಬೀಗ ಒಂದ್ ತೆಗ್ಸಿ ಸಾಕು. ಅದು ತೆಗುದ್ರೆ ಜನ ನನ್ನ ಬೈತಾರೆ. ಎರಡೂವರೆ ವರ್ಷ ಏನ್ ಮಾಡ್ತಿದ್ಯೇ ಅಂತ ಉಗೀತಾರೆ. ಉಗುದು ಓಟಾಕ್ತಾರೆ. ಮೊದ್ಲುನ್ ಸಲ ಬುಟ್ರೆ ನನ್ ಲೆಕ್ಕ ತಪ್ಪಿತ್ತಾ? ಹೇಳಿ, ತಪ್ಪಿತ್ತಾ?"

"ಇಡೀ ಕ್ಷೇತ್ರಕ್ಕೆ ಸಿಕ್ಕಿರೋದು ಒಬ್ರು ಡಾಕ್ಟ್ರು," ಗಂಗಾಧರ್ ಕೆಂಪು ಗೆರೆಯ ಊರನ್ನು ಬೆರಳಿನಿಂದ ತಟ್ಟಿದ. "ಎಲ್ಲಿ ಗಲಾಟೆಯೋ ಅಲ್ಲಿಗೆ ಹೋಗ್ತಾರೆ. ನಿಮ್ಮೂರಲ್ಲಿ ಎಲ್ಲ ಖುಷಿಯಾಗವ್ರಲ್ಲ."

"ಅಲ್ಲಿ ಬೈದವ್ರೆ ಅಂದ್ರೆ ಅವ್ರು ಹೆಂಗೂ ನಿಮ್ಗೇ ಹಾಕ್ತಾರೆ! ಬೈದೇ ಇರೋ ಕಡೆ ನೋಡ್ರಣ್ಣ."

"ಚಿಕ್ಕಮಾರಮ್ಮ. ಊಟ ಆಯ್ತಾ? ಹಿಂದ್ಗಡೆ ಬಿಸಿಬೇಳೆಬಾತ್ ಐತೆ. ಉಂಡ್ಕಂಡ್ ಹೋಗು." ಅವನು ಮುಂದಿನವನ ಹೆಸರು ಕರೆದ.

ಅವಳು ಉಣ್ಣಲಿಲ್ಲ. ಬಸ್ಸಿನಲ್ಲಿ ಗುಬ್ಬಿ ದಾಟುವಾಗ ಮುಂದಿನ ಸೀಟಿನವನ ಮೊಬೈಲಿನಲ್ಲಿ ಸುದ್ದಿ ಓಡುತ್ತಿತ್ತು. ಚುನಾವಣಾ ಆಯೋಗ ತಾರೀಖು ಘೋಷಿಸಿತ್ತು. ಈ ಕ್ಷಣದಿಂದಲೇ ನೀತಿ ಸಂಹಿತೆ ಜಾರಿ. ಮೂರು ಕ್ಷೇತ್ರಗಳಲ್ಲೂ ಗೆಲುವು ನಮ್ಮದೇ, ತಳಮಟ್ಟದ ವರದಿ ನಮ್ಮ ಕೈಯಲ್ಲಿದೆ ಎಂದು ಪಕ್ಷದ ನಾಯಕರೊಬ್ಬರು ಮೈಕುಗಳ ಗೊಂಚಲಿನ ಮುಂದೆ ಹೇಳುತ್ತಿದ್ದರು. ತಳಮಟ್ಟ ಕಿಟಕಿಗೆ ತಲೆ ಆನಿಸಿ ಕೂತಿತ್ತು. ಆಚೆ ಬಿಸಿಲಿನಲ್ಲಿ ತೆಂಗಿನ ತೋಟಗಳು ಒಂದರ ಹಿಂದೊಂದು ಹಿಂದಕ್ಕೆ ಓಡುತ್ತಿದ್ದವು, ಯಾವುದೂ ನಿಂತು ಅವಳ ಮಾತು ಕೇಳುವಂತಿರಲಿಲ್ಲ.

ಮನೆಮನೆ ತಿರುಗಿದ ಹದಿನಾರನೆಯ ದಿನ ಲಕ್ಷ್ಮೀನರಸಿಂಹಯ್ಯನ ಹಸು ಈಯಲು ಕಷ್ಟಪಟ್ಟಿತು. ಊರಿನ ನಾಲ್ಕು ಜನ ಸೇರಿ ಹೇಗೋ ಕರುವನ್ನು ಎಳೆದು ತೆಗೆದರು. ಹಸು ಉಳಿಯಿತು, ಕರು ಉಳಿಯಲಿಲ್ಲ. ಸುದ್ದಿ ಕೇಳಿ ಚಿಕ್ಕಮಾರಮ್ಮ ಅವರ ಬೀದಿಯ ತಿರುವಿನ ತನಕ ಹೋದಳು. ಅಲ್ಲಿಂದ ಜಗಲಿ ಕಾಣುತ್ತಿತ್ತು, ಕೆಂಪು ಕುರ್ಚಿ ಅಲ್ಲೇ ಇತ್ತು. ತನ್ನನ್ನು ಕಂಡರೆ ಅವರು ಮತ್ತೆ ಬನ್ನಿ ಎನ್ನುತ್ತಾರೆ, ಮತ್ತೆ ಕಾಫಿ ಕೊಡುತ್ತಾರೆ. ಅದನ್ನು ತಡೆಯಲಾರೆ ಎನಿಸಿ ಹಿಂದಿರುಗಿದಳು.

ಪ್ರಚಾರಕ್ಕೆ ಅಭ್ಯರ್ಥಿ ಬಂದದ್ದು ಅದಾದ ಮೂರನೆಯ ದಿನ. ಏಳು ಕಾರು, ಒಂದು ತೆರೆದ ಜೀಪು, ತಮಟೆ. ಪಾಳ್ಯದ ಬೀದಿಗಳಲ್ಲಿ ಹೆಂಗಸರು ಆರತಿ ತಟ್ಟೆ ಹಿಡಿದು ನಿಂತರು. ಸುಧಾ ಹೂವು ಎರಚಿದಳು. ಲಕ್ಷ್ಮೀನರಸಿಂಹಯ್ಯ ಅಭ್ಯರ್ಥಿಗೆ ಎಳನೀರು ಕೆತ್ತಿಸಿ ಕೊಟ್ಟ. ಒಬ್ಬರೂ ಎದುರು ಮಾತನಾಡಲಿಲ್ಲ. ಗಂಗಾಧರ್ ಬೆವರು ಒರೆಸಿಕೊಳ್ಳುತ್ತ, ನಂದಿತಾಳನ್ನು ಹಿಂದಿಟ್ಟುಕೊಂಡು, ಚಿಕ್ಕಮಾರಮ್ಮನ ಮನೆಗೆ ಬಂದ. ಅವಳನ್ನು ಮೆರವಣಿಗೆಯ ಮುಂದೆ ಬಾವುಟ ಹಿಡಿಸಿ ನಡೆಸಬೇಕಿತ್ತು.

"ನೋಡ್ದಾ?" ಅವನು ಬಾಗಿಲಿಂದಲೇ ಕೂಗಿದ. "ಸಿ ಅಂತೆ ಸಿ! ಊರಿಗೂರೇ ನಗ್ತೈತೆ. ಈಗೇನಂತೀಯ?"

ಅವನು ಉತ್ತರಕ್ಕೆ ಸಿದ್ಧನಾಗಿ ನಿಂತಿದ್ದ. ಹದಿನೆಂಟು ವರ್ಷದಿಂದ ಈ ಬಾಗಿಲಿಗೆ ಬಂದಾಗಲೆಲ್ಲ ಅವನಿಗೆ ಮಂಗಳಾರತಿ ಆಗುತ್ತಿತ್ತು. ಬಂದ್ರಾ ಗಂಗಾಧರಣ್ಣ, ದಾರಿ ಮರ್ತಿದ್ರಾ, ನಿಮ್ ಪಾರ್ಟಿಗೆ ಮಾನ ಇಲ್ವಾ, ನಿಮ್ಗೆ ಕಿವಿ ಇಲ್ವಾ ಎಂದು ಅವಳು ಶುರುಮಾಡಿದರೆ ಅವನು ಎರಡೂ ಕೈ ಮುಗಿದು ಜಗಲಿಯಲ್ಲಿ ಕೂತು ಕೇಳುತ್ತಿದ್ದ. ಇವಳ ಬಾಯಿಗೆ ಬೀಗವಿಲ್ಲ ಎಂದು ತುಮಕೂರಿನಲ್ಲೆಲ್ಲ ನಗಾಡುತ್ತಿದ್ದ.

ಚಿಕ್ಕಮಾರಮ್ಮ ಒಳಗೆ ಹೋದಳು. ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ತಂದು ಹಾಕಿ, ಸೆರಗಿನಿಂದ ಒರೆಸಿದಳು.

"ಬನ್ನಿ ಸಾರ್, ಕೂತ್ಕಳಿ. ಬಿಸ್ಲಾಗ್ ಬಂದಿದೀರ."

ಗಂಗಾಧರ್ ಅವಳಿಗೆಂದು ತಂದ ಬಾವುಟವನ್ನು ಮೂಲೆಗೆ ಒರಗಿಸಿ ಕೂತ. ಒಳಗೆ ಸ್ಟೌ ಹತ್ತಿದ ಸದ್ದು. ಸ್ವಲ್ಪ ಹೊತ್ತಿಗೆ ಎರಡು ಲೋಟ ಕಾಫಿ ಬಂತು. ಮನೆಯ ಒಳ್ಳೆಯ ಲೋಟಗಳು. ನರಸಯ್ಯ ಮೂಲೆಯಲ್ಲಿ ನಿಂತು ಹೆಂಡತಿಯ ಮುಖವನ್ನೇ ನೋಡುತ್ತಿದ್ದ, ಅವನಿಗೆ ಏನೋ ಹೆದರಿಕೆಯಾದಂತಿತ್ತು.

"ಆಹಾ," ಗಂಗಾಧರ್ ಒಂದು ಗುಟುಕು ಕುಡಿದು ಕಾಲು ಚಾಚಿದ. "ಇವತ್ ಯಾಕೋ ನಮ್ ಚಿಕ್ಕಮಾರಮ್ಮ ಭಾಳ ಸಮಾಧಾನವಾಗವ್ಳೆ. ನಾನ್ ಅವತ್ತೇ ಹೇಳ್ಳಿಲ್ವಾ? ಗೆದ್ದಾದ್ ಮೇಲೆ ಡಾಕ್ಟ್ರು ವಿಷ್ಯ ನಾನೇ ನೋಡ್ತೀನಿ."

"ಆಗ್ಲಿ ಸಾರ್. ಎಲ್ಲಾ ನಿಮ್ ಕೈಯಲ್ಲೈತಾ ಪಾಪ."

ನಂದಿತಾ ಲೋಟವನ್ನು ತುಟಿಯ ತನಕ ಒಯ್ದವಳು ಹಾಗೇ ನಿಂತಳು. ಲೋಟವನ್ನು ನೋಡಿದಳು, ಕುರ್ಚಿಯನ್ನು ನೋಡಿದಳು, ಚಿಕ್ಕಮಾರಮ್ಮನನ್ನು ನೋಡಿದಳು. ಕುಡಿಯದೆ ಅದನ್ನು ಕಿಟಕಿಯ ಮೇಲಿಟ್ಟಳು. ತಮಟೆ ಹತ್ತಿರವಾಗುತ್ತಿತ್ತು. ಫೋನು ಬಂದದ್ದರಿಂದ ಗಂಗಾಧರ್ ಅಂಗಳಕ್ಕೆ ಇಳಿದು, ಈ ಬೂತು ಪಕ್ಕಾ ಎಂದು ಯಾರಿಗೋ ಜೋರಾಗಿ ಹೇಳುತ್ತಿದ್ದ.

"ಆಂಟಿ," ನಂದಿತಾಳ ದನಿ ಕೆಳಗಿತ್ತು. "ನಿಮ್ಮ ಪಟ್ಟೀಲಿ ಒಂದು ಮನೆ ಖಾಲಿ ಇತ್ತು. ಎಂಬತ್ನಾಕರಲ್ಲಿ ಒಂದು. ನಾನು ಏನೂ ಹಾಕಿಲ್ಲ, ಹಂಗೇ ಬಿಟ್ಟಿದೀನಿ. ಅದು ನಿಮ್ಮ ಮನೆ ಅಲ್ವಾ?"

ಚಿಕ್ಕಮಾರಮ್ಮ ತುರುಬಿಗೆ ಕೈ ಹಾಕಿ ಪೆನ್ಸಿಲು ತೆಗೆದಳು. ಅದು ಬೆರಳುದ್ದ ಉಳಿದಿತ್ತು. ಹುಡುಗಿಯ ಅಂಗೈಯಲ್ಲಿ ಅದನ್ನಿಟ್ಟು ಬೆರಳುಗಳನ್ನು ಮಡಿಚಿದಳು. ಎದುರಿಗೆ ಯಾವುದೋ ಮೇಕೆ ಗ್ರಿಲ್ ಬಾಗಿಲಿಗೆ ಮೈ ಉಜ್ಜಿತು. ಟಣ್ ಎಂದಿತು.

"ನಮ್ಮನೇದು ಏನ್ ಕೇಳ್ತೀಯ ಮಗಾ," ಎನ್ನುತ್ತ ಅವಳು ಮೂಲೆಗೆ ಒರಗಿಸಿದ್ದ ಬಾವುಟವನ್ನು ದಾಟಿ, ಜೀಪು ನಿಂತಿದ್ದ ಬೀದಿಗೆ ಬೆನ್ನು ಹಾಕಿ, ಹಿತ್ತಿಲ ಬಾಗಿಲಿನಿಂದ ಹೊಲದ ಬದುವಿಗೆ ಇಳಿದು ನಡೆಯುತ್ತಲೇ, "ನಮ್ಮನೇದು ಈ ಸಲ ನೀನೇ ಬರ್ಕಾ" ಎಂದಳು.